ಅಗ್ಗದ ರಾಜರು, ಅಗ್ಗದ ದೆವ್ವಗಳು

ಇ-ಬುಕ್ ಅಂಗಡಿಗಳ ಡಿಸ್ಕೌಂಟ್ ಪುಟ ತೆಗೆದು ನೋಡಿ. ಅಲ್ಲಿ ರಾಜ-ರಾಣಿಯರ ಕಾದಂಬರಿಗಳಿಗೂ ಬರವಿಲ್ಲ, ದೆವ್ವ-ಪಿಶಾಚಿಗಳಿಗೂ ಬರವಿಲ್ಲ. ಇವತ್ತು ಇನ್ನೂರು ರೂಪಾಯಿ ಇದ್ದದ್ದು ನಾಳೆ ನಲವತ್ತೊಂಬತ್ತು, ನಾಡಿದ್ದು ಮತ್ತೆ ಇನ್ನೂರು! ಅದೇ ಫೈಲು, ಅದೇ ಅಕ್ಷರ. ಕಾಗದ ಇಲ್ಲ, ಶಾಯಿ ಇಲ್ಲ, ಗೋದಾಮಿನ ಬಾಡಿಗೆ ಇಲ್ಲ. ಒಂದು ಪ್ರತಿಯನ್ನು ಹತ್ತು ಸಾವಿರ ಪ್ರತಿ ಮಾಡಲು ಕಂಪ್ಯೂಟರಿಗೆ ಹೆಚ್ಚು ಹೊತ್ತೂ ಬೇಡ. ಹಾಗಾದರೆ ಈ ಬೆಲೆ ಏರುವುದು ಇಳಿಯುವುದು ಯಾವ ಲೆಕ್ಕದಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸುಮಾರು ಇನ್ನೂರೈವತ್ತು ವರ್ಷ ಹಿಂದಕ್ಕೆ, ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಅಲ್ಲಿ ನನಗೆ ಕಂಡದ್ದು ಇಷ್ಟು. ಪುಸ್ತಕ ಅಗ್ಗವಾದದ್ದು ವ್ಯಾಪಾರಿಗಳ ದೊಡ್ಡ ಮನಸ್ಸಿನಿಂದ ಅಲ್ಲ. ಒಂದೋ ಕಾನೂನು ಬದಲಾಯಿತು, ಇಲ್ಲವೇ ಯಾರೋ ಒಬ್ಬ ವ್ಯಾಪಾರದ ಕಟ್ಟಳೆ ಮುರಿದ, ಇಲ್ಲವೇ ಪುಸ್ತಕದ ರೂಪವೇ ಬದಲಾಯಿತು. ಇನ್ನೊಂದು ಮಾತು: ಅಗ್ಗದ ಪುಸ್ತಕದ ಜೊತೆ ಆಗಾಗ ಒಂದು ಕಾಣದ ಬೆಲೆಯೂ ಬಂದಿದೆ. ಅದೇನು ಅಂತ ಒಂದೊಂದಾಗಿ ನೋಡೋಣ. (ಸ್ವಲ್ಪ ಉದ್ದದ ಬರಹ, ಕಾಫಿ ಹಿಡಿದುಕೊಂಡು ಕೂತರೆ ಒಳ್ಳೆಯದು :-) )

ಅವಳಿ ಮಕ್ಕಳು

ಐತಿಹಾಸಿಕ ಕಥೆ ಮತ್ತು ದೆವ್ವದ ಕಥೆ ಎರಡೂ ಬೇರೆ ಬೇರೆ ಜಾತಿ ಅಂತ ಈಗ ನಮಗೆ ಅನಿಸುತ್ತದೆ. ಆದರೆ ಇಂಗ್ಲಿಷಿನಲ್ಲಿ ಇವು ಹೆಚ್ಚುಕಡಿಮೆ ಒಂದೇ ಮನೆಯಲ್ಲಿ ಬೆಳೆದವು. 1764ರ ಡಿಸೆಂಬರಿನಲ್ಲಿ ಹೊರೇಸ್ ವಾಲ್‌ಪೋಲ್ ಎಂಬ ಶ್ರೀಮಂತ 'ದಿ ಕ್ಯಾಸಲ್ ಆಫ್ ಒಟ್ರಾಂಟೋ' ಎಂಬ ಕಾದಂಬರಿ ಹೊರತಂದ. ಹಳೇ ಕೋಟೆ, ದುಷ್ಟ ದೊರೆ, ಆಕಾಶದಿಂದ ಬಿದ್ದ ರಾಕ್ಷಸ ಗಾತ್ರದ ಶಿರಸ್ತ್ರಾಣ, ಚೌಕಟ್ಟಿನಿಂದ ಇಳಿದು ಬರುವ ಚಿತ್ರ. ತನ್ನ ಹೆಸರನ್ನೇ ಹಾಕದೆ, ಇದು ಹಳೇ ಇಟಾಲಿಯನ್ ಪುಸ್ತಕದ ಅನುವಾದ ಅಂತ ಜನರನ್ನು ನಂಬಿಸಿದ್ದ. ಪುಸ್ತಕ ಗೆದ್ದಮೇಲೆ ಎರಡನೇ ಮುದ್ರಣದಲ್ಲಿ 'ನಾನೇ ಬರೆದದ್ದು' ಅಂತ ಒಪ್ಪಿಕೊಂಡ. ಗಾಥಿಕ್ ಕಾದಂಬರಿಯ ಮೊದಲ ಹೆಜ್ಜೆ ಅಂತ ಇದನ್ನೇ ಹೇಳುತ್ತಾರೆ. ಮೊದಲ ಮುದ್ರಣ 500 ಪ್ರತಿ. ಆಗ ಓದುವವರೇ ಅಷ್ಟು, ಯಾಕೆಂದರೆ ಕೊಳ್ಳಬಲ್ಲವರೇ ಅಷ್ಟು.

1774: ಒಂದು ತೀರ್ಪು, ಒಬ್ಬ ಚಪ್ಪಲಿ ಹೊಲೆಯುವವ

ಆ ಕಾಲದಲ್ಲಿ ಲಂಡನ್ನಿನ ದೊಡ್ಡ ಪುಸ್ತಕ ವ್ಯಾಪಾರಿಗಳದ್ದು ಒಂದೇ ಹಟ: ಒಮ್ಮೆ ನಾವು ಹಕ್ಕು ಕೊಂಡುಕೊಂಡರೆ ಅದು ಆಚಂದ್ರಾರ್ಕ ನಮ್ಮದು. 1710ರ ಕಾಯ್ದೆಯಲ್ಲಿ 14 ವರ್ಷ, ಲೇಖಕ ಬದುಕಿದ್ದರೆ ಇನ್ನೊಂದು 14 ವರ್ಷ ಅಂತ ಸ್ಪಷ್ಟವಾಗಿ ಇದ್ದರೂ ಅವರು ಕೇಳುತ್ತಿರಲಿಲ್ಲ. ಎಡಿನ್‌ಬರೋದ ಅಲೆಕ್ಸಾಂಡರ್ ಡೊನಾಲ್ಡ್‌ಸನ್ ಎಂಬವನು ಅವಧಿ ಮುಗಿದ ಪುಸ್ತಕಗಳನ್ನು ಅಗ್ಗವಾಗಿ ಮುದ್ರಿಸಿ ಮಾರಿದ. ಕೇಸು ಬಿತ್ತು. 1774ರ ಫೆಬ್ರವರಿಯಲ್ಲಿ ಹೌಸ್ ಆಫ್ ಲಾರ್ಡ್ಸ್ ಡೊನಾಲ್ಡ್‌ಸನ್ ಪರವಾಗಿ ತೀರ್ಪು ಕೊಟ್ಟಿತು: ಶಾಶ್ವತ ಹಕ್ಕು ಅಂತ ಒಂದಿಲ್ಲ, ಅವಧಿ ಮುಗಿದ ಮೇಲೆ ಪುಸ್ತಕ ಎಲ್ಲರದ್ದು. ಇವತ್ತು ನಾವು ಪುಕ್ಕಟೆಯಾಗಿ ಇಳಿಸಿಕೊಳ್ಳುವ ಹಳೇ ಕ್ಲಾಸಿಕ್ ಇ-ಬುಕ್‌ಗಳೆಲ್ಲದರ ಹಿಂದೆ ಈ ತೀರ್ಪಿನ ನೆರಳಿದೆ.

ಅದೇ ಹೊತ್ತಿಗೆ ಲಂಡನ್ನಿಗೆ ಜೇಮ್ಸ್ ಲ್ಯಾಕಿಂಗ್‌ಟನ್ ಎಂಬ ಚಪ್ಪಲಿ ಹೊಲೆಯುವವ ಬಂದ. ಚಿಕ್ಕಂದಿನಲ್ಲಿ ಓದು ಬರಹ ಕಲಿತವನೇ ಅಲ್ಲ. ಕ್ರಿಸ್‌ಮಸ್ ಊಟಕ್ಕೆ ಅಂತ ಇಟ್ಟಿದ್ದ ಕೊನೇ ಅರ್ಧ ಕ್ರೌನಿಗೆ ಕವಿತೆಯ ಪುಸ್ತಕ ಕೊಂಡು ಮನೆಗೆ ಹೋದೆ ಅಂತ ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. (ಹೆಂಡತಿ ಏನಂದಿರಬಹುದು ಅಂತ ನೀವೇ ಊಹಿಸಿ!) ಅವನು ಪುಸ್ತಕದ ಅಂಗಡಿ ಇಟ್ಟಾಗ ವ್ಯಾಪಾರದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಮಾರಾಟವಾಗದೆ ಉಳಿದ ಪ್ರತಿಗಳನ್ನು ಪ್ರಕಾಶಕರು ಹರಾಜಿನಲ್ಲಿ ಕೊಡುತ್ತಿದ್ದರು. ಕೊಂಡವರು ಅರ್ಧವನ್ನೋ ಮುಕ್ಕಾಲು ಪಾಲನ್ನೋ ಸುಟ್ಟು ಅಥವಾ ಹರಿದು ಹಾಕಿ, ಉಳಿದದ್ದನ್ನು ಪೂರ್ತಿ ಬೆಲೆಗೆ ಮಾರುತ್ತಿದ್ದರು. ಬೆಲೆ ಇಳಿಸಿದವನಿಗೆ ಮುಂದಿನ ಹರಾಜಿಗೆ ಕರೆ ಇಲ್ಲ. ಪುಸ್ತಕ ನಾಶವಾದರೂ ಸರಿ, ಬೆಲೆ ಇಳಿಯಬಾರದು!

ಲ್ಯಾಕಿಂಗ್‌ಟನ್ ಸುಡಲು ಒಪ್ಪಲಿಲ್ಲ. ಇಡೀ ರಾಶಿ ಕೊಂಡು ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಮಾರಿದ. ಸಾಲ ಇಲ್ಲ, ಚೌಕಾಶಿ ಇಲ್ಲ, ಎಲ್ಲರಿಗೂ ಒಂದೇ ದರ, ನಗದು ಮಾತ್ರ. ಸಣ್ಣ ಲಾಭಗಳೇ ದೊಡ್ಡ ಕೆಲಸ ಮಾಡುತ್ತವೆ ಎಂಬರ್ಥದ ಮಾತನ್ನು ತನ್ನ ಕುದುರೆಗಾಡಿಯ ಬಾಗಿಲ ಮೇಲೆ ಬರೆಸಿಕೊಂಡಿದ್ದ. 1790ರ ದಶಕದಲ್ಲಿ ಫಿನ್ಸ್‌ಬರಿ ಚೌಕದಲ್ಲಿ ಅವನು ಕಟ್ಟಿದ 'ಟೆಂಪಲ್ ಆಫ್ ದಿ ಮ್ಯೂಸಸ್' ಎಂಬ ಅಂಗಡಿ ಎಷ್ಟು ದೊಡ್ಡದಿತ್ತು ಅಂದರೆ ಒಳಗಿನ ಗಲ್ಲಾಪೆಟ್ಟಿಗೆಯ ಸುತ್ತ ನಾಲ್ಕು ಕುದುರೆಯ ಗಾಡಿ ಓಡಿಸಬಹುದಿತ್ತು ಅಂತ ಹೇಳುತ್ತಾರೆ.

ನನಗೆ ತುಂಬಾ ಇಷ್ಟವಾದ ಸಂಗತಿ ಮುಂದಿನದು. 1818ರ ಜನವರಿ 1ರಂದು ಲೇಖಕಿಯ ಹೆಸರಿಲ್ಲದೆ ಒಂದು ಕಾದಂಬರಿ ಬಂತು. ಮೂರು ಸಂಪುಟ, 500 ಪ್ರತಿ. ಹೆಸರು 'ಫ್ರಾಂಕೆನ್‌ಸ್ಟೈನ್'. ಪ್ರಕಾಶಕರು ಯಾರು ಗೊತ್ತೇ? ಲ್ಯಾಕಿಂಗ್‌ಟನ್ ನಿವೃತ್ತನಾದ ಮೇಲೆ ಅವನ ಬಂಧುವಿನ ಕೈಗೆ ಬಂದಿದ್ದ ಅದೇ ಡಿಸ್ಕೌಂಟ್ ಅಂಗಡಿಯ ಕಂಪನಿ! ಆದರೆ ಪುಸ್ತಕ ಮಾತ್ರ ಅಗ್ಗವಾಗಿರಲಿಲ್ಲ. ಮೂರೂ ಸಂಪುಟ ಸೇರಿ 16 ಶಿಲ್ಲಿಂಗ್ 6 ಪೆನ್ಸ್. (ಆಗಿನ ಲೆಕ್ಕ: 12 ಪೆನ್ಸ್ ಸೇರಿದರೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್ ಸೇರಿದರೆ ಒಂದು ಪೌಂಡ್.) ಮೇರಿ ಶೆಲ್ಲಿಯ ಈ ಕಥೆ ಹೆಚ್ಚು ಜನರ ಕೈಗೆ ಸಿಕ್ಕಿದ್ದು 1831ರಲ್ಲಿ, ರಿಚರ್ಡ್ ಬೆಂಟ್ಲಿಯ 'ಸ್ಟಾಂಡರ್ಡ್ ನಾವೆಲ್ಸ್' ಮಾಲೆಯಲ್ಲಿ ಒಂದೇ ಸಂಪುಟವಾಗಿ, 6 ಶಿಲ್ಲಿಂಗಿಗೆ ಬಂದಾಗ.

ಮೂರು ಸಂಪುಟಗಳ ಮಾಯೆ

ಹೊಸ ಕಾದಂಬರಿ ಅಂದರೆ ಮೂರು ಸಂಪುಟ, ಬೆಲೆ 31 ಶಿಲ್ಲಿಂಗ್ 6 ಪೆನ್ಸ್. ಈ ರೂಢಿಯನ್ನು ಗಟ್ಟಿ ಮಾಡಿದ್ದು ಐತಿಹಾಸಿಕ ಕಾದಂಬರಿಯ ಪಿತಾಮಹ ಸರ್ ವಾಲ್ಟರ್ ಸ್ಕಾಟ್. ಮೊದಲನೇ ಎಲಿಜಬೆತ್ ರಾಣಿಯ ಕಾಲದ ಕಥೆ 'ಕೆನಿಲ್‌ವರ್ತ್' 1821ರಲ್ಲಿ ಈ ಬೆಲೆಗೆ ಬಂತು. ನುರಿತ ಕೆಲಸಗಾರನೊಬ್ಬನ ಸುಮಾರು ಒಂದು ವಾರದ ಸಂಬಳ! ಸ್ಕಾಟ್ ಹೆಸರಿನ ಬಲದಿಂದ ಅದು ಮಾರಾಟವಾಯಿತು, ಮುಂದೆ ಎಲ್ಲರೂ ಅದೇ ಬೆಲೆ ಹಿಡಿದರು. ಆಶ್ಚರ್ಯ ಅಂದರೆ ಆ ಬೆಲೆ 1894ರವರೆಗೆ, ಅಂದರೆ ಎಪ್ಪತ್ತಕ್ಕೂ ಹೆಚ್ಚು ವರ್ಷ, ಅಲ್ಲಾಡಲಿಲ್ಲ.

ಅಷ್ಟು ದುಡ್ಡು ಕೊಟ್ಟು ಯಾರು ಕೊಳ್ಳುತ್ತಿದ್ದರು? ಓದುಗರಂತೂ ಹೆಚ್ಚಾಗಿ ಅಲ್ಲ. ಕೊಳ್ಳುತ್ತಿದ್ದದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳು. ನಮ್ಮ ಬಡಾವಣೆಗಳಲ್ಲಿ ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಲೈಬ್ರರಿಗಳ ಮುತ್ತಜ್ಜ ಅನ್ನಿ. 1842ರಲ್ಲಿ ಶುರುವಾದ ಚಾರ್ಲ್ಸ್ ಮ್ಯೂಡಿಯ ಲೈಬ್ರರಿಗೆ ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್, ಚಂದಾ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಸಿಗುತ್ತಿತ್ತು. ಒಂದು ಕಾದಂಬರಿ ಮೂರು ತುಂಡಾಗಿದ್ದರೆ ಮೂವರು ಚಂದಾದಾರರಿಗೆ ಒಟ್ಟಿಗೆ ಕೊಡಬಹುದಲ್ಲ! ಪ್ರಕಾಶಕರು ಮ್ಯೂಡಿಗೆ ಭಾರೀ ರಿಯಾಯಿತಿ ಕೊಡುತ್ತಿದ್ದರು. ಹೀಗಾಗಿ ಮುಖಬೆಲೆ ಎಂಬುದು ಬರೀ ಹೆಸರಿಗೆ. ಓದುಗನನ್ನು ಕೊಳ್ಳುವ ಆಸೆಯಿಂದ ದೂರ ಇಟ್ಟು ಲೈಬ್ರರಿಯ ಬಾಗಿಲಿಗೆ ಕಳಿಸುವ ಬೇಲಿ ಅದು. ಈಗಿನ 'ತಿಂಗಳಿಗೆ ಇಷ್ಟು ಕಟ್ಟಿ, ಬೇಕಾದಷ್ಟು ಓದಿ' ಯೋಜನೆಗಳನ್ನು ನೋಡಿದಾಗ ನನಗೆ ಮ್ಯೂಡಿ ಸಾಹೇಬರು ನೆನಪಾಗುತ್ತಾರೆ. ಜೊತೆಗೆ ಮ್ಯೂಡಿ ಕೊಳ್ಳದ ಪುಸ್ತಕ ಬದುಕುವುದು ಕಷ್ಟವಿತ್ತು. ಅವನ ಅಭಿರುಚಿಗೆ ಒಗ್ಗದ್ದನ್ನು ಅವನು ಕೊಳ್ಳುತ್ತಿರಲಿಲ್ಲ. ಕಾಣದ ಬೆಲೆ ಅಂದೆನಲ್ಲ, ಇದು ಅದರ ಒಂದು ನಮೂನೆ.

ಈ ಬೇಲಿಯಲ್ಲಿ ಮೊದಲು ದೊಡ್ಡ ಕಂಡಿ ಕೊರೆದವನೂ ಸ್ಕಾಟನೇ, ಅದೂ ಸಂಕಟಕ್ಕೆ ಸಿಕ್ಕಿ. 1826ರಲ್ಲಿ ಅವನ ಪ್ರಕಾಶಕ, ಮುದ್ರಕ ಇಬ್ಬರೂ ದಿವಾಳಿಯಾದರು. ಸ್ಕಾಟ್ ತಲೆಯ ಮೇಲೆ ಒಂದು ಲಕ್ಷ ಪೌಂಡಿಗೂ ಹೆಚ್ಚು ಸಾಲ ಬಿತ್ತು. ಕೈ ಎತ್ತದೆ, 'ಬರೆದು ತೀರಿಸುತ್ತೇನೆ' ಅಂತ ಕೂತ. 1829ರಿಂದ ತನ್ನ ಕಾದಂಬರಿಗಳಿಗೆಲ್ಲ ಹೊಸ ಮುನ್ನುಡಿ, ಟಿಪ್ಪಣಿ ಬರೆದು ತಿಂಗಳಿಗೊಂದು ಸಂಪುಟದಂತೆ ತಂದ. ಸಂಪುಟಕ್ಕೆ 5 ಶಿಲ್ಲಿಂಗ್, ಒಟ್ಟು 48 ಸಂಪುಟ. ಹೊಸದಾಗಿ ಬಂದಾಗ ಒಂದೂವರೆ ಪೌಂಡ್ ದಾಟಿದ್ದ ಕಾದಂಬರಿ ಈಗ ಸುಮಾರು ಹತ್ತು ಶಿಲ್ಲಿಂಗಿಗೆ ಸಿಗುವ ಹಾಗಾಯಿತು. ಜನ ಮುಗಿಬಿದ್ದು ಕೊಂಡರು. ಸ್ಕಾಟ್ 1832ರಲ್ಲಿ ತೀರಿಕೊಂಡ, ಸಾಲ ಆಮೇಲೂ ಅವನ ಪುಸ್ತಕಗಳ ದುಡಿಮೆಯಿಂದಲೇ ತೀರಿತು. ಬೆಲೆ ಇಳಿಸಿದರೆ ಹೊಸ ಓದುಗರು ಹುಟ್ಟುತ್ತಾರೆ ಎಂಬ ಪಾಠವನ್ನು ವ್ಯಾಪಾರಿಗಳಿಗೆ ಸಾಲಗಾರನೊಬ್ಬ ಕಲಿಸಿದ.

ಒಂದು ಪೆನ್ನಿಗೆ ಒಂದು ವಾರದ ಭಯ

ಹತ್ತು ಶಿಲ್ಲಿಂಗ್ ಮಧ್ಯಮ ವರ್ಗದವರ ಮಾತಾಯಿತು. ಕಾರ್ಖಾನೆಯ ಹುಡುಗ ಏನು ಓದಬೇಕು? ಅವನಿಗೆ ಎಡ್ವರ್ಡ್ ಲಾಯ್ಡ್ ಎಂಬ ಪ್ರಕಾಶಕ ಇದ್ದ. ವಾರಕ್ಕೊಂದು ಕಂತು, ಎಂಟು ಪುಟ, ಎರಡು ಕಾಲಂ ಒತ್ತೊತ್ತು ಅಕ್ಷರ, ಮೇಲೊಂದು ಹೆದರಿಸುವ ಚಿತ್ರ, ಬೆಲೆ ಒಂದು ಪೆನ್ನಿ. 'ವಾರ್ನಿ ದಿ ವ್ಯಾಂಪೈರ್' 1845ರಿಂದ 1847ರವರೆಗೆ ಹೀಗೆ ಓಡಿತು. ಇನ್ನೂರಕ್ಕೂ ಹೆಚ್ಚು ಅಧ್ಯಾಯ! ಡ್ರಾಕುಲಾ ಹುಟ್ಟುವುದಕ್ಕೆ ಐವತ್ತು ವರ್ಷ ಮೊದಲೇ ಕೋರೆಹಲ್ಲಿನ ಪಿಶಾಚಿ ಬಡವರ ಮನೆ ಹೊಕ್ಕಿತ್ತು. ನಮ್ಮ ಟಿವಿ ಧಾರಾವಾಹಿಗಳಂತೆ ಜನ ಕೇಳುವವರೆಗೆ ಎಳೆಯುವುದು, ಬೇಡ ಅಂದಾಗ ಮುಗಿಸುವುದು.

ಅದೇ ಕಾಲದಲ್ಲಿ ಜಿ. ಡಬ್ಲ್ಯು. ಎಂ. ರೆನಾಲ್ಡ್ಸ್ ತನ್ನ ವಾರಪತ್ರಿಕೆಯಲ್ಲಿ 'ವ್ಯಾಗ್ನರ್ ದಿ ವೆಯರ್‌ವುಲ್ಫ್' ಬರೆದ (1846-47). ಹದಿನಾರನೇ ಶತಮಾನದ ಇಟಲಿ, ಅದರಲ್ಲಿ ತೋಳವಾಗುವ ಮನುಷ್ಯ. ಇತಿಹಾಸ ಮತ್ತು ಪಿಶಾಚಿ ಮತ್ತೆ ಒಂದೇ ಪುಟದಲ್ಲಿ. ಈ ರೆನಾಲ್ಡ್ಸನನ್ನು ಇಂಗ್ಲೆಂಡಿನ ವಿಮರ್ಶಕರು ಲೆಕ್ಕಕ್ಕೇ ಇಡಲಿಲ್ಲ. ಆದರೆ ಭಾರತದಲ್ಲಿ ಹತ್ತೊಂಬತ್ತನೇ ಶತಮಾನದ ಓದುಗರು ಅವನನ್ನು ಹುಡುಕಿ ಹುಡುಕಿ ಓದಿದರು, ಹಲವು ಭಾರತೀಯ ಭಾಷೆಗಳಿಗೆ ಅನುವಾದವೂ ಆದ.

ಇಲ್ಲಿ ಮತ್ತೆ ಕಾನೂನಿನ ಕೈ ಬರುತ್ತದೆ. ಆಗ ಕಾಗದಕ್ಕೆ ತೆರಿಗೆ, ಜಾಹೀರಾತಿಗೆ ತೆರಿಗೆ, ಪತ್ರಿಕೆಗೆ ಸ್ಟಾಂಪ್ ತೆರಿಗೆ. ಜನ ಇವನ್ನು 'ಅರಿವಿನ ಮೇಲಿನ ತೆರಿಗೆ' ಅಂತಲೇ ಕರೆಯುತ್ತಿದ್ದರು. ಹೋರಾಟದ ನಂತರ ಜಾಹೀರಾತಿನದ್ದು 1853ರಲ್ಲಿ, ಸ್ಟಾಂಪಿನದ್ದು 1855ರಲ್ಲಿ, ಕಾಗದದ್ದು 1861ರಲ್ಲಿ ಹೋಯಿತು. ಅಗ್ಗದ ಓದಿಗೆ ಇದು ದೊಡ್ಡ ದಾರಿ ತೆರೆಯಿತು.

ರೈಲು ಹತ್ತಿದ ದೆವ್ವಗಳು

1848ರಲ್ಲಿ ಡಬ್ಲ್ಯು. ಎಚ್. ಸ್ಮಿತ್ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಪುಸ್ತಕದ ಮಳಿಗೆ ತೆರೆದ. ಪ್ರಯಾಣಿಕನಿಗೆ ಬೇಕಾದದ್ದು ಮೂರು ಸಂಪುಟ ಅಲ್ಲ, ಜೇಬಿಗೆ ಹಿಡಿಸುವ ಒಂದು. ಹಳದಿ ರಟ್ಟಿನ, ಬಣ್ಣದ ಚಿತ್ರದ, ಒಂದೆರಡು ಶಿಲ್ಲಿಂಗಿನ 'ಯೆಲ್ಲೋಬ್ಯಾಕ್'ಗಳು ಬಂದವು. ಜಾರ್ಜ್ ರೌಟ್ಲೆಜ್ ತನ್ನ 'ರೈಲ್ವೆ ಲೈಬ್ರರಿ' ಮಾಲೆಗಾಗಿ 1853ರಲ್ಲಿ ಎಡ್ವರ್ಡ್ ಬುಲ್ವರ್-ಲಿಟನ್‌ಗೆ ಅವನ ಹಳೇ ಕಾದಂಬರಿಗಳ ಹತ್ತು ವರ್ಷದ ಹಕ್ಕಿಗೆ 20,000 ಪೌಂಡ್ ಕೊಟ್ಟ. ಈ ಲಿಟನ್ ಬರೆದದ್ದೇನು? 'ದಿ ಲಾಸ್ಟ್ ಡೇಸ್ ಆಫ್ ಪಾಂಪೇ' (1834) ಎಂಬ ಐತಿಹಾಸಿಕ ಕಾದಂಬರಿ, 'ಜನೋನಿ' (1842) ಎಂಬ ಮಾಂತ್ರಿಕ ಕಾದಂಬರಿ... ಅಗ್ಗದ ಪುಸ್ತಕಕ್ಕೆ ಮೊದಲ ದೊಡ್ಡ ಬಂಡವಾಳ ಹೋದದ್ದು ನಮ್ಮ ಅವಳಿ ಮಕ್ಕಳ ಹಿಂದೆಯೇ.

ಭಾರತದ ರೈಲು ನಿಲ್ದಾಣಗಳಿಗೂ ಈ ಗಾಳಿ ಬೀಸಿತು. ಎ. ಎಚ್. ವೀಲರ್ ಮಳಿಗೆ ನಮಗೆಲ್ಲ ಗೊತ್ತಲ್ಲ? ಅವರು ಅಲಹಾಬಾದಿನಿಂದ 1888ರಲ್ಲಿ 'ಇಂಡಿಯನ್ ರೈಲ್ವೆ ಲೈಬ್ರರಿ' ಶುರುಮಾಡಿದರು. ಪುಸ್ತಕಕ್ಕೆ ಒಂದು ರೂಪಾಯಿ. ಮೊದಲ ಆರೂ ಪುಸ್ತಕ ಆಗ ಇಪ್ಪತ್ತೆರಡರ ಹುಡುಗ ರಡ್ಯಾರ್ಡ್ ಕಿಪ್ಲಿಂಗನದ್ದು. ಐದನೆಯದು 'ದಿ ಫ್ಯಾಂಟಮ್ ರಿಕ್ಷಾ', ಸಿಮ್ಲಾದ ರಸ್ತೆಯಲ್ಲಿ ಸತ್ತವಳ ರಿಕ್ಷಾ ಹಿಂಬಾಲಿಸುವ ಕಥೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ರೂಪಾಯಿಗೆ ಕೊಂಡ ಈ ಪುಸ್ತಕಗಳು ಪ್ರಯಾಣಿಕರ ಪೆಟ್ಟಿಗೆ ಸೇರಿ ಇಂಗ್ಲೆಂಡಿಗೂ ಹೋದವು, ಕಿಪ್ಲಿಂಗ್ ಅಲ್ಲಿಗೆ ಹೋಗುವ ಮೊದಲೇ ಅವನ ಹೆಸರು ಹೋಗಿ ಮುಟ್ಟಿತ್ತು.

ಇದಕ್ಕೆ ಎರಡು ವರ್ಷ ಮೊದಲು, 1886ರಲ್ಲಿ, ಮ್ಯಾಕ್‌ಮಿಲನ್ ಕಂಪನಿ 'ಕಲೋನಿಯಲ್ ಲೈಬ್ರರಿ' ಮಾಡಿತ್ತು. ಇಂಗ್ಲೆಂಡಿನಲ್ಲಿ ದುಬಾರಿಯಾದ ಹೊಸ ಕಾದಂಬರಿಗಳೇ ಭಾರತಕ್ಕೂ ಇತರ ವಸಾಹತುಗಳಿಗೂ ಕಡಿಮೆ ಬೆಲೆಯಲ್ಲಿ. ಆದರೆ ಒಂದು ಷರತ್ತು: ಈ ಪ್ರತಿ ಇಂಗ್ಲೆಂಡಿನಲ್ಲಿ ಮಾರುವಂತಿಲ್ಲ. ಈಗ ಇ-ಬುಕ್ ಅಂಗಡಿಯಲ್ಲಿ 'ಈ ಪುಸ್ತಕ ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಅಂತ ಬರುತ್ತದಲ್ಲ, ಅದಕ್ಕೂ ಇದಕ್ಕೂ ಬೇರೇನೂ ವ್ಯತ್ಯಾಸವಿಲ್ಲ. ಅಲ್ಲಿ ರಬ್ಬರ್ ಸ್ಟಾಂಪು, ಇಲ್ಲಿ ಐಪಿ ಅಡ್ರೆಸ್ಸು.

ಡ್ರಾಕುಲಾಗೆ ಆರು ಪೆನ್ಸ್

1894ರಲ್ಲಿ ಮ್ಯೂಡಿ ಮತ್ತು ಸ್ಮಿತ್ ಲೈಬ್ರರಿಗಳೇ 'ಇನ್ನು ಸಂಪುಟಕ್ಕೆ ನಾಲ್ಕು ಶಿಲ್ಲಿಂಗಿಗಿಂತ ಹೆಚ್ಚು ಕೊಡುವುದಿಲ್ಲ' ಅಂತ ಕೂತವು. ಮೂರು ಸಂಪುಟದ ಪದ್ಧತಿ ಕೆಲವೇ ವರ್ಷದಲ್ಲಿ ಸತ್ತುಹೋಯಿತು. ಹೊಸ ಕಾದಂಬರಿ ಒಂದೇ ಸಂಪುಟ, ಆರು ಶಿಲ್ಲಿಂಗ್ ಅಂತಾಯಿತು. 1897ರ ಮೇ ತಿಂಗಳಲ್ಲಿ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಬಂದದ್ದು ಇದೇ ಆರು ಶಿಲ್ಲಿಂಗಿಗೆ. 1901ರಲ್ಲಿ ಅದೇ ಪ್ರಕಾಶಕರು ಕಾಗದದ ರಟ್ಟಿನಲ್ಲಿ ಆರು ಪೆನ್ಸಿಗೆ ತಂದರು, ಹನ್ನೆರಡನೇ ಒಂದು ಪಾಲು ಬೆಲೆ! ಆದರೆ ಪಠ್ಯವನ್ನು ಕತ್ತರಿಸಿ ಸಣ್ಣದು ಮಾಡಿದ್ದರು. ಕಾಣದ ಬೆಲೆಯ ಇನ್ನೊಂದು ನಮೂನೆ. ಈಗಲೂ ಅಗ್ಗದ ಕ್ಲಾಸಿಕ್ ಇ-ಬುಕ್ ಕೊಳ್ಳುವಾಗ 'ಪೂರ್ಣ ಪಠ್ಯವೇ?' ಅಂತ ನೋಡಬೇಕಾದ್ದು ಇದಕ್ಕೇ.

ಇತ್ತ ಡಿಸ್ಕೌಂಟಿಗೆ ಎದುರು ಗೋಡೆಯೂ ಎದ್ದಿತು. ಅಂಗಡಿಗಳು ಪೈಪೋಟಿಯಲ್ಲಿ ಬೆಲೆ ಇಳಿಸಿ ಇಳಿಸಿ ಒಳ್ಳೆಯ ಪುಸ್ತಕದಂಗಡಿಗಳೇ ಮುಚ್ಚುತ್ತಿವೆ ಅಂತ ಫ್ರೆಡರಿಕ್ ಮ್ಯಾಕ್‌ಮಿಲನ್ ವಾದಿಸಿದ. 1890ರಲ್ಲಿ ಆಲ್‌ಫ್ರೆಡ್ ಮಾರ್ಷಲ್‌ನ ಅರ್ಥಶಾಸ್ತ್ರದ ಪುಸ್ತಕವನ್ನು 'ಡಿಸ್ಕೌಂಟ್ ಕೊಡುವಂತಿಲ್ಲ' ಎಂಬ ಷರತ್ತಿನ ಮೇಲೆ ಮಾರಿ ನೋಡಿದ. 1900ರ ಜನವರಿ 1ರಿಂದ 'ನೆಟ್ ಬುಕ್ ಅಗ್ರಿಮೆಂಟ್' ಜಾರಿಗೆ ಬಂತು. 'ನೆಟ್' ಅಂತ ಗುರುತಿಸಿದ ಪುಸ್ತಕವನ್ನು ನಿಗದಿತ ಬೆಲೆಗಿಂತ ಕಡಿಮೆಗೆ ಮಾರಿದ ಅಂಗಡಿಗೆ ಮುಂದೆ ಪುಸ್ತಕ ಇಲ್ಲ. ಇದು 1995ರವರೆಗೆ ನಡೆಯಿತು, 1997ರಲ್ಲಿ ಕೋರ್ಟು ಕಾನೂನುಬಾಹಿರ ಎಂದಿತು. ನಡುವೆ 1935ರಲ್ಲಿ ಪೆಂಗ್ವಿನ್ ಆರು ಪೆನ್ಸಿನ ಪೇಪರ್‌ಬ್ಯಾಕ್ ತಂದದ್ದು ಡಿಸ್ಕೌಂಟ್ ಅಲ್ಲ, ರೂಪವನ್ನೇ ಬದಲಿಸಿ ಬೆಲೆಯನ್ನೇ ಕಡಿಮೆ ಇಟ್ಟದ್ದು.

ಮ್ಯಾಕ್‌ಮಿಲನ್ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ನಮ್ಮೂರ ಪುಸ್ತಕದಂಗಡಿ ಉಳಿಯಬೇಕು ಅನ್ನುವವರೆಲ್ಲ ಒಂದಲ್ಲ ಒಂದು ಹೊತ್ತು ಅದನ್ನೇ ಹೇಳುತ್ತೇವೆ. ಆದರೆ ಅದರ ಹೊರೆ ಹೊತ್ತದ್ದು ಓದುಗ.

ಈಗ ಫೈಲಿನ ಕಾಲ

1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಹಾರ್ಟ್ ಎಂಬ ವಿದ್ಯಾರ್ಥಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿಗೆ ಟೈಪ್ ಮಾಡಿದ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಹುಟ್ಟಿದ್ದು ಹೀಗೆ. ಇವತ್ತು ಅಲ್ಲಿ ಒಟ್ರಾಂಟೋ, ಫ್ರಾಂಕೆನ್‌ಸ್ಟೈನ್, ಸ್ಕಾಟ್, ವಾರ್ನಿ, ಡ್ರಾಕುಲಾ ಎಲ್ಲವೂ ಪುಕ್ಕಟೆ.

ಹೊಸ ಪುಸ್ತಕಗಳ ಕಥೆ ಬೇರೆ. 2007ರ ನವೆಂಬರಿನಲ್ಲಿ ಅಮೆಜಾನ್ 399 ಡಾಲರಿನ ಕಿಂಡಲ್ ತಂದು, ಹೊಸ ಬೆಸ್ಟ್‌ಸೆಲರ್‌ಗಳನ್ನು 9.99 ಡಾಲರಿಗೆ ಕೊಟ್ಟಿತು, ಹಲವು ಪುಸ್ತಕಗಳ ಮೇಲೆ ನಷ್ಟ ಮಾಡಿಕೊಂಡು. ಓದುಗರಿಗೆ ಹಬ್ಬ, ಪ್ರಕಾಶಕರಿಗೆ ನಡುಕ. 2010ರ ಜನವರಿಯಲ್ಲಿ 'ಬೆಲೆ ನಾವೇ ಇಡುತ್ತೇವೆ' ಅಂತ ಮ್ಯಾಕ್‌ಮಿಲನ್ ಹಟ ಹಿಡಿದಾಗ ಅಮೆಜಾನ್ ಆ ಕಂಪನಿಯ ಪುಸ್ತಕಗಳ ಮುಂದಿನ 'ಬೈ' ಬಟನ್ನನ್ನೇ ತೆಗೆದುಹಾಕಿತು, ಕೊನೆಗೆ ಒಪ್ಪಿಕೊಂಡಿತು. ಹೌದು, 1890ರಲ್ಲಿ ಡಿಸ್ಕೌಂಟ್ ನಿಲ್ಲಿಸಲು ಹೊರಟ ಅದೇ ಹೆಸರು! ಆಪಲ್ ಮತ್ತು ಐದು ದೊಡ್ಡ ಪ್ರಕಾಶಕರು ಸೇರಿ ಬೆಲೆ ಏರಿಸಿದರು ಅಂತ ಅಮೆರಿಕ ಸರ್ಕಾರ 2012ರ ಏಪ್ರಿಲಿನಲ್ಲಿ ಕೇಸು ಹಾಕಿತು. ಪ್ರಕಾಶಕರು ರಾಜಿಯಾದರು. ಆಪಲ್ ತಪ್ಪಿತಸ್ಥ ಅಂತ 2013ರಲ್ಲಿ ತೀರ್ಪಾಯಿತು, 2016ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತಳ್ಳಿಹಾಕಿದ ಮೇಲೆ 45 ಕೋಟಿ ಡಾಲರ್ ಕೊಡಬೇಕಾಯಿತು.

ಆದರೆ ಈ ಗಲಾಟೆಗಿಂತ ನನ್ನನ್ನು ಹೆಚ್ಚು ಕಾಡುವುದು 2009ರ ಜುಲೈನಲ್ಲಿ ನಡೆದದ್ದು. ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಹಕ್ಕಿಲ್ಲದವರು ಅಂಗಡಿಗೆ ಹಾಕಿದ್ದರು ಅಂತ ಗೊತ್ತಾದಾಗ ಅಮೆಜಾನ್ ಅವನ್ನು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು, ಅದು ಸರಿ. ಆದರೆ ರಾತ್ರಿ ಬಂದು ಕಪಾಟಿನ ಪುಸ್ತಕ ತೆಗೆದುಕೊಂಡು ಮೇಜಿನ ಮೇಲೆ ದುಡ್ಡು ಇಟ್ಟು ಹೋದ ಹಾಗಾಯಿತಲ್ಲ? ಅಳಿಸಿದ ಪುಸ್ತಕಗಳಲ್ಲಿ ಒಂದು '1984', ಬೇಡದ ಬರಹವನ್ನು ಸರ್ಕಾರವೇ ಅಳಿಸಿಹಾಕುವ ಕಥೆ! ಲ್ಯಾಕಿಂಗ್‌ಟನ್ ಅಂಗಡಿಯಲ್ಲಿ ಅರ್ಧ ಬೆಲೆಗೆ ಕೊಂಡ ಪ್ರತಿ ಕೊಂಡವನದ್ದು. ಮಾರಬಹುದು, ಮಗಳಿಗೆ ಕೊಡಬಹುದು. ನಲವತ್ತೊಂಬತ್ತು ರೂಪಾಯಿಗೆ ನಾವು ಕೊಳ್ಳುವ ಇ-ಬುಕ್ ಬಹಳ ಸಲ ಬರೀ ಓದುವ ಲೈಸೆನ್ಸು. ಇದು ನಮ್ಮ ಕಾಲದ ಕಾಣದ ಬೆಲೆ.

ಹಾಗಾದರೆ ಹುಡುಕುವುದು ಹೇಗೆ?

ಇಷ್ಟೆಲ್ಲ ಇತಿಹಾಸದಿಂದ ನಾನು ಮಾಡಿಕೊಂಡಿರುವ ಸಣ್ಣ ಪಟ್ಟಿ:

1. ಮೊದಲು ಲೇಖಕರು ತೀರಿಕೊಂಡ ವರ್ಷ ನೋಡಿ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕಾಪಿರೈಟ್. (ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟಾಗೋರರ ಹಕ್ಕು ಮುಗಿಯುವ ಹೊತ್ತಿಗೆ ಎದ್ದ ಕೂಗಿನಿಂದ 1992ರಲ್ಲಿ 60 ಆಯಿತು.) ಕಿಪ್ಲಿಂಗ್, ದೆವ್ವದ ಕಥೆಗಳ ಎಂ. ಆರ್. ಜೇಮ್ಸ್ ಇಬ್ಬರೂ 1936ರಲ್ಲಿ ತೀರಿಕೊಂಡವರು. ಇಂಥವರ ಮೂಲ ಪಠ್ಯಕ್ಕೆ ಡಿಸ್ಕೌಂಟ್ ಹುಡುಕುವ ಅಗತ್ಯವೇ ಇಲ್ಲ.

2. ಅಂಥವು ಗುಟೆನ್‌ಬರ್ಗ್‌ನಲ್ಲಿ ಸಿಗುತ್ತವೆ. ಅವುಗಳನ್ನೇ ತಿದ್ದಿ ತೀಡಿ ಅಂದವಾಗಿ ಜೋಡಿಸಿ ಕೊಡುವ ಸ್ಟಾಂಡರ್ಡ್ ಇಬುಕ್ಸ್ ತಂಡವೂ ಇದೆ, ಅದೂ ಪುಕ್ಕಟೆ.

3. ಅನುವಾದ, ಮುನ್ನುಡಿ, ಟಿಪ್ಪಣಿಗಳ ಹಕ್ಕು ಬೇರೆ. ಹಳೇ ಕಾದಂಬರಿಯ ಹೊಸ ಅನುವಾದಕ್ಕೆ ದುಡ್ಡು ಕೊಡುವುದು ನ್ಯಾಯ.

4. ಬದುಕಿರುವ ಲೇಖಕರ ಸರಣಿಗಳಲ್ಲಿ ಮೊದಲ ಪುಸ್ತಕವನ್ನು ಅಗ್ಗಕ್ಕೆ ಬಿಡುವುದು ಲಾಯ್ಡ್ ಕಾಲದ ಕಂತಿನ ಉಪಾಯವೇ. ಮೊದಲ ಕಂತಿನ ಬೆಲೆ ನೋಡಬೇಡಿ, ಇಡೀ ಸರಣಿಯ ಬೆಲೆ ಕೂಡಿಸಿ ನೋಡಿ.

5. ಒಂದೇ ಬೆಲೆಗೆ ಸಿಕ್ಕರೆ ಡಿಆರ್‌ಎಂ ಬೀಗ ಇಲ್ಲದ ಪ್ರತಿಯನ್ನೇ ಕೊಳ್ಳಿ. ಹತ್ತು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ, ಅದು ನಿಮ್ಮದು.

ಮತ್ತೆ ನಮ್ಮವರು?

ಸ್ಕಾಟ್‌ನ ದಾರಿ ಕನ್ನಡಕ್ಕೂ ಬಂದಿದೆ, ಬಂಗಾಳದ ಮೂಲಕ. ಬಂಕಿಮಚಂದ್ರರನ್ನು 'ಬಂಗಾಳದ ಸ್ಕಾಟ್' ಅಂತ ಕರೆಯುತ್ತಿದ್ದರು. ಅವರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ನಮ್ಮಲ್ಲಿ ಕಾದಂಬರಿ ಓದುವ ಹುಚ್ಚು ಹಿಡಿಸಿದವರು ಬಿ. ವೆಂಕಟಾಚಾರ್ಯರು (1845-1914). ಅತ್ತ ಧಾರವಾಡ ಸೀಮೆಯಲ್ಲಿ ಗಳಗನಾಥರು (1869-1942) ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, 'ಮಾಧವ ಕರುಣಾ ವಿಲಾಸ'ದಂಥ ವಿಜಯನಗರದ ಕಥೆಯನ್ನು ತಾವೇ ಬರೆದರು, 'ಸದ್ಬೋಧ ಚಂದ್ರಿಕೆ' ಪತ್ರಿಕೆ ನಡೆಸಿದರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಅಂತ ಕನ್ನಡಿಗರು ಇಂದಿಗೂ ನೆನೆಯುತ್ತಾರೆ. ಲ್ಯಾಕಿಂಗ್‌ಟನ್ ಓದುಗರನ್ನು ತನ್ನ ಅಂಗಡಿಗೆ ಕರೆಸಿಕೊಂಡ, ಗಳಗನಾಥರು ಅಂಗಡಿಯನ್ನೇ ಓದುಗರ ಬಾಗಿಲಿಗೆ ಹೊತ್ತರು.

ವೆಂಕಟಾಚಾರ್ಯರ ಬರಹ ಹಕ್ಕಿನಿಂದ ಬಿಡುಗಡೆಯಾಗಿ ಎಷ್ಟೋ ದಶಕವಾಯಿತು. ಗಳಗನಾಥರದ್ದು 2003ರ ಜನವರಿಯಿಂದ ಮುಕ್ತ. ಕಾನೂನಿನ ಪ್ರಕಾರ ಇವರ ಪುಸ್ತಕಗಳು ನಮ್ಮೆಲ್ಲರ ಆಸ್ತಿ. 2016ರ ಡಿಸೆಂಬರಿನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಹಳೇ ಪುಸ್ತಕಗಳ ಮಟ್ಟಿಗೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಅವು ಪುಟಗಳ ಫೋಟೋ. ಓರೆ ಪುಟ, ಮಸುಕು ಅಕ್ಷರ, ಮೊಬೈಲಿನಲ್ಲಿ ಹಿಗ್ಗಿಸಿದರೆ ಸಾಲು ಅರ್ಧಕ್ಕೇ ತುಂಡು, ಹುಡುಕಿದರೆ ಪದ ಸಿಗುವುದಿಲ್ಲ.

ಅಂದರೆ ನಮ್ಮ ವಿಷಯದಲ್ಲಿ ಬೆಲೆ ಸೊನ್ನೆಗೆ ಇಳಿದಿದೆ, ಪುಸ್ತಕ ಮಾತ್ರ ಇನ್ನೂ ಓದುಗನ ಕೈಗೆ ಬಂದಿಲ್ಲ. ಇಂಗ್ಲಿಷಿನಲ್ಲಿ ಅಡ್ಡ ನಿಂತದ್ದು ಬೆಲೆ. ಕನ್ನಡದಲ್ಲಿ ಅಡ್ಡ ನಿಂತಿರುವುದು ಟೈಪ್ ಮಾಡುವ ಕೈಗಳ ಕೊರತೆ. ಇದಕ್ಕೆ ದೊಡ್ಡ ಕಂಪನಿ ಬೇಡ, ಕೋರ್ಟು ಬೇಡ. ಮೈಕಲ್ ಹಾರ್ಟ್ ಶುರುಮಾಡಿದ್ದು ಒಂದು ಸಣ್ಣ ದಾಖಲೆಯಿಂದ. ಕನ್ನಡ ವಿಕಿಸೋರ್ಸ್ ಅಂತ ಒಂದು ಜಾಗ ಈಗಾಗಲೇ ಇದೆ, ಅಲ್ಲಿ ಯಾರು ಬೇಕಾದರೂ ಮುಕ್ತ ಪುಸ್ತಕವೊಂದರ ಪುಟವನ್ನು ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಯುನಿಕೋಡಿನಲ್ಲಿ ಟೈಪ್ ಮಾಡಬಹುದು, ಇನ್ನೊಬ್ಬರು ಟೈಪ್ ಮಾಡಿದ್ದನ್ನು ತಿದ್ದಬಹುದು.

ವಾರಕ್ಕೊಂದು ಪೋಸ್ಟ್ ಬರೆಯುವ ನಮಗೆ ವಾರಕ್ಕೆರಡು ಪುಟ ಟೈಪ್ ಮಾಡುವುದು ಕಷ್ಟವೇ? ಹತ್ತು ಜನ ಸೇರಿದರೆ ವಾರಕ್ಕೆ ಇಪ್ಪತ್ತು ಪುಟ, ನಾಲ್ಕೈದು ತಿಂಗಳಲ್ಲಿ ಮುನ್ನೂರೈವತ್ತು ಪುಟದ ಒಂದು ಕಾದಂಬರಿ. ಗಳಗನಾಥರದ್ದೊಂದನ್ನು ಆರಿಸಿಕೊಳ್ಳೋಣ ಅಂತ ನನ್ನ ಆಸೆ. ಯಾವುದು, ಮೊದಲ ಇಪ್ಪತ್ತು ಪುಟ ಯಾರು ಯಾರು ಅಂತ ಕೆಳಗೆ ಬರೆಯಿರಿ. ನನ್ನ ಹೆಸರು ಮೊದಲು ಹಾಕಿಕೊಳ್ಳಿ: ಒಂದನೇ ಪುಟ, ಎರಡನೇ ಪುಟ ನನ್ನವು.